ಹೂಳೂ ನಮ್ಮ ಹೊಣೆಯೂ



ತುಂಗಭದ್ರೆಯ ಜಲಾಶಯವನ್ನು ಕಾಣದವರು ನಮ್ಮಲ್ಲಿ ವಿರಳ. 1953ರಲ್ಲಿ ಅದು ಸುಮಾರು 133 ಶತಕೋಟಿ ಘನ ಅಡಿ ನೀರನ್ನು ಧರಿಸಬಲ್ಲುದಾಗಿದ್ದಿತು. 2016ರ ಅಳತೆಯಲ್ಲಿ ಆ ಶಕ್ತಿಯು ಸುಮಾರು 106ಕ್ಕೆ ಇಳಿದಿದ್ದಿತು. ಕಟ್ಟೆಯು ಕಿರಿದಾಗಲಿಲ್ಲ, ಐದರಲ್ಲೊಂದು ಪಾಲನ್ನು ಹೂಳು ಆಕ್ರಮಿಸಿತು.

ಈ ಹೂಳು ಎಲ್ಲಿಯದು? ಮಣ್ಣನ್ನು ಹೊರುವುದು ನದಿಗೆ ಸಹಜವೇ ಸರಿ. ಆದರೆ ನಾವು ಮಲೆಯ ಮರಗಳನ್ನು ಕಡಿದೆವು. ಅದಿರಿಗಾಗಿ ಗುಡ್ಡಗಳನ್ನು ಅಗೆದೆವು. ಬದುವಿಲ್ಲದ ಇಳಿಜಾರನ್ನು ಉತ್ತೆವು. ಬೇರಿನ ಹಿಡಿತ ತಪ್ಪಿದ ಮಣ್ಣು ಮಳೆಯೊಡನೆ ಹಳ್ಳಕ್ಕೂ ಹಳ್ಳದಿಂದ ಹೊಳೆಗೂ ಇಳಿದು, ನೀರು ನಿಂತಲ್ಲಿ ತಾನೂ ನಿಂತಿತು. ಮೇಲಣ ಹೊಲವು ಸಾರಗೆಟ್ಟಿತು. ಕಾಲುವೆಯ ಕೊನೆಯ ಹೊಲಕ್ಕೆ ನೀರು ತಪ್ಪಿತು. ಒಂದೇ ತಪ್ಪಿಗೆ ಎರಡು ದಂಡ!

ಬಳ್ಳಾರಿ ಸೀಮೆಯ ಗಣಿಗಳನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತಡೆದು, ಬಳಿಕ ಮಿತಿಗೊಳಪಡಿಸಿತು. ಆದರೆ ನಮ್ಮ ಹೊಲದ ಬದುವನ್ನು ಯಾವ ನ್ಯಾಯಾಲಯವು ಕಟ್ಟಿಸೀತು? ಎರಡು ಸಾಲು ಹೆಚ್ಚು ಬಿತ್ತುವ ಆಸೆಯಿಂದ ಹಿರಿಯರ ಬದುವನ್ನು ಉತ್ತುಹಾಕಿದ ಮನೆತನದಲ್ಲಿ ನಾನೂ ಹುಟ್ಟಿದವನು. ಮೂರು ಮಳೆಗಾಲ ಕಳೆಯುವುದರೊಳಗೆ ಆ ಹೊಲದಲ್ಲಿ ಕಲ್ಲು ತಲೆದೋರಿದುದನ್ನು ಕಣ್ಣಾರೆ ಕಂಡೆನು. ಆದುದರಿಂದ ಪರರನ್ನು ಹಳಿಯಲು ನನಗೆ ನಾಲಗೆ ಏಳದು.

ಇಂದು ದಾಸೋಹದ ಪಂಕ್ತಿಯಲ್ಲಿ ನಾವು ಉಣ್ಣುವ ಅನ್ನವು ಮಣ್ಣು ನೀರುಗಳ ಪ್ರಸಾದವಲ್ಲವೇ? ಮುಂಗಾರಿಗೆ ಮೊದಲು ಒಂದೊಂದು ಮನೆಯೂ ತನ್ನ ಬದುವನ್ನು ಕಟ್ಟಲಿ. ಬದುವಿನ ಮೇಲೆ ಮರವನ್ನು ನೆಡಲಿ. ಊರ ಕೆರೆಯ ಹೂಳನ್ನು ಹೊಲಕ್ಕೆ ಹೊರಲಿ. ಈ ಮಹೋತ್ಸವಕ್ಕೆ ಇದಕ್ಕಿಂತ ಮಿಗಿಲಾದ ಕಾಣಿಕೆಯನ್ನು ನಾನರಿಯೆನು.