ಎರಡನೇ ಸಹಿ ಯಾರದ್ದು? — ಹ್ಯಾಂಗರ್‌ನಿಂದ ಐರೋಲಿವರೆಗೆ

ಡೊಂಬಿವಲಿ, ಕಲ್ಯಾಣ, ಥಾಣೆಯಿಂದ ಲೋಕಲ್ ಹಿಡಿದು ಬಂದವರಿದೀರಿ. ಭಾನುವಾರ ಮೆಗಾಬ್ಲಾಕ್ ಇದ್ದರೂ ಬಂದಿದೀರಿ, ಅದು ದೊಡ್ಡದು.

2024ರ ಅಕ್ಟೋಬರ್ 11, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನವಿ ಮುಂಬೈನ ಹೊಸ ವಿಮಾನ ನಿಲ್ದಾಣದಲ್ಲಿ ವಾಯುಪಡೆಯ ಸಿ-295 ಇಳೀತು, ಮೇಲೆ ಸುಖೋಯ್ ಹಾರಿತು. ನಮ್ಮ ಆಫೀಸಿನಲ್ಲಿ ಎಲ್ಲರೂ ಮೊಬೈಲ್‌ನಲ್ಲಿ ಆ ವಿಡಿಯೊ ನೋಡಿ "ಪೈಲಟ್ ಸೂಪರ್" ಅಂತಿದ್ರು. ನನಗೆ ಮಾತ್ರ, ಇವತ್ತು ಬೆಳಿಗ್ಗೆ ಇದರ ಫಾರ್ಮ್ 700ಕ್ಕೆ ಯಾರು ಸಹಿ ಹಾಕಿರಬಹುದು ಅಂತ ಯೋಚನೆ. ಯಾಕಂದ್ರೆ ನಾನು ಇಪ್ಪತ್ತು ವರ್ಷ ಆ ಸಹಿ ಹಾಕುವವರ ಸಾಲಿನಲ್ಲಿದ್ದವನು.

ನನ್ನೂರು ಬೈಲಹೊಂಗಲದ ಕಡೆ. ಪಿಯುಸಿ ಮುಗಿಸಿ ವಾಯುಪಡೆ ಸೇರಿದೆ. ಮೊದಲ ತರಬೇತಿ ಬೆಳಗಾವಿ ಪಕ್ಕದ ಸಾಂಬ್ರಾದಲ್ಲಿ, ಆಮೇಲೆ ತಾಂತ್ರಿಕ ತರಬೇತಿ ತಾಂಬರಂನಲ್ಲಿ. ನನ್ನ ಟ್ರೇಡ್ ಏರ್‌ಫ್ರೇಮ್, ಅಂದ್ರೆ ವಿಮಾನದ ಮೈಕಟ್ಟು, ಚಕ್ರ, ಹೈಡ್ರಾಲಿಕ್ಸ್, ಕಂಟ್ರೋಲ್‌ಗಳು. ಎಂಜಿನ್‌ಗೆ ಬೇರೆಯವರು, ಎಲೆಕ್ಟ್ರಿಕಲ್‌ಗೆ ಬೇರೆಯವರು, ಆಯುಧಕ್ಕೆ ಬೇರೆಯವರು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕೋ ಹಾಗಿಲ್ಲ.

ವ್ಯವಸ್ಥೆ ಹೀಗಿರುತ್ತೆ. ಹಾರೋಕೆ ಮುಂಚೆ ಒಂದು ತಪಾಸಣೆ. ಇಳಿದು ಮತ್ತೆ ಹಾರೋದಾದ್ರೆ ನಡುವೆ ಒಂದು. ದಿನದ ಕೊನೆಗೆ ಒಂದು. ಇಷ್ಟು ಗಂಟೆ ಹಾರಿದ ಮೇಲೆ ಪ್ಯಾನೆಲ್ ಬಿಚ್ಚಿ ದೊಡ್ಡ ತಪಾಸಣೆ. ಅದಕ್ಕೂ ದೊಡ್ಡದಾದ್ರೆ ಡಿಪೋಗೆ ಕಳಿಸಬೇಕು. ಅಂಥದ್ದೊಂದು ನಮಗೆ ಹತ್ತಿರದಲ್ಲೇ ಇದೆ: ಕಲ್ಯಾಣದಿಂದ ಕಸಾರಾ ಘಾಟ್ ಹತ್ತಿ ಹೋದ್ರೆ ನಾಸಿಕ್ ಪಕ್ಕದ ಓಝರ್‌ನಲ್ಲಿ 11ನೇ ಬೇಸ್ ರಿಪೇರ್ ಡಿಪೋ. ಮಿಗ್-29, ಸುಖೋಯ್-30 ಅಲ್ಲಿ ಪೂರ್ತಿ ಬಿಚ್ಚಿ ಮತ್ತೆ ಜೋಡಿಸ್ತಾರೆ.

ಈ ಕೆಲಸದಲ್ಲಿ ಬೆಂಗಳೂರಿನ ಹೆಸರೂ ಹಳೇದು. ಮುಂಬೈನ ಉದ್ಯಮಿ ವಾಲ್‌ಚಂದ್ ಹಿರಾಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ರು, ಅದೇ ಇವತ್ತಿನ ಎಚ್‌ಎಎಲ್. 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ, ಯುದ್ಧವಿಮಾನಗಳ ರಿಪೇರಿ ಡಿಪೋ ಆಯ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್‌ಗಳನ್ನು ಗುಜರಿ ಥರ ಬಿಟ್ಟು ಹೋಗಿದ್ರು. ಎಚ್‌ಎಎಲ್‌ನವರು ಅಲ್ಲೇ ಹಾರುವಷ್ಟರ ಮಟ್ಟಿಗೆ ಸರಿಮಾಡಿದ್ರು, ಟೆಸ್ಟ್ ಪೈಲಟ್ ಜಿಮ್ಮಿ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದ್ರು. ಇಲ್ಲಿ ಪೂರ್ತಿ ರಿಪೇರಿಯಾದ ಆ ವಿಮಾನಗಳು 1968ರವರೆಗೆ ನಮ್ಮ ವಾಯುಪಡೆಯಲ್ಲಿ ಹಾರಿದ್ವು. ಗುಜರಿ ವಿಮಾನದಲ್ಲಿ ಕೂರೋ ಪೈಲಟ್ ಏನು ನಂಬಿ ಕೂತಿರಬೇಕು ಹೇಳಿ? ಮೆಕ್ಯಾನಿಕ್ಕನ ಮಾತು ನಂಬಿ.

ಆ ಮಾತನ್ನು ಬರೆದಿಡೋ ಪುಸ್ತಕವೇ ಫಾರ್ಮ್ 700. ಪ್ರತಿ ವಿಮಾನಕ್ಕೂ ಒಂದು. ಕೆಲಸ ಮಾಡಿದವನು ಸಹಿ ಹಾಕ್ತಾನೆ. ಮೇಲ್ವಿಚಾರಕ ತಾನೇ ಕಣ್ಣಾರೆ ನೋಡಿ ಸಹಿ ಹಾಕ್ತಾನೆ. ಕಂಟ್ರೋಲ್ ಥರದ ಜೀವದ ವಿಷಯವಾದ್ರೆ, ಆ ಕೆಲಸ ಮಾಡದೇ ಇದ್ದ ಇನ್ನೊಬ್ಬ ಬಂದು ಹೊಸದಾಗಿ ನೋಡಬೇಕು. ಕೊನೆಗೆ ಪೈಲಟ್ ಓದಿ, ವಿಮಾನದ ಸುತ್ತ ಒಂದು ಸುತ್ತು ಹಾಕಿ, ಒಪ್ಪಿಕೊಂಡೆ ಅಂತ ಸಹಿ ಹಾಕ್ತಾನೆ.

ಈಗ ನನ್ನ ಕಥೆ. ಸೇರಿ ಮೂರು ವರ್ಷ ಆಗಿತ್ತು. ಫೈಟರ್ ಸ್ಕ್ವಾಡ್ರನ್. ಮರುದಿನ ಬೆಳಿಗ್ಗೆ ರಜೆ ಮೇಲೆ ಊರಿಗೆ ಹೊರಟಿದ್ದೆ, ತಂಗಿ ನಿಶ್ಚಿತಾರ್ಥ. ಸಂಜೆ ಟೂಲ್ ವಾಪಸ್ ಕೊಡುವಾಗ ಬೋರ್ಡ್ ನೋಡಿದೆ. ಅಲ್ಲಿ ಪ್ರತಿ ಟೂಲ್‌ಗೂ ಅದರದೇ ಆಕಾರ ಬರೆದಿರ್ತಾರೆ, ಏನಿಲ್ಲ ಅಂತ ತಕ್ಷಣ ಗೊತ್ತಾಗುತ್ತೆ. ಒಂದು ಸಣ್ಣ ಸಾಕೆಟ್ ಇಲ್ಲ. ಹೆಬ್ಬೆರಳಿನ ತುದಿಯಷ್ಟು.

ಸುಳ್ಳು ಹೇಳಲ್ಲ, ಮೊದಲು ತಲೆಗೆ ಬಂದದ್ದು ಬಜಾರು. ಅಂಥದೇ ಒಂದು ಕೆಲವೇ ರೂಪಾಯಿಗೆ ಸಿಗ್ತಿತ್ತು. ಹತ್ತು ನಿಮಿಷ ಹಾಗೇ ನಿಂತಿದ್ದೆ. ಆಮೇಲೆ ನಮ್ಮ ಸಾರ್ಜೆಂಟ್ ಹತ್ರ ಹೋದೆ. ಅವರು ಧಾರವಾಡದವರು. "ಸರ್, ಒಂದು ಸಾಕೆಟ್ ಸಿಗ್ತಿಲ್ಲ" ಅಂದೆ.

ಅವರು ಬಯ್ಯಲಿಲ್ಲ. ಸೀದಾ ಹೋಗಿ ಫಾರ್ಮ್ 700ರಲ್ಲಿ ಆ ವಿಮಾನ ಹಾರೋ ಹಾಗಿಲ್ಲ ಅಂತ ಬರೆದ್ರು. ಮರುದಿನದ ಹಾರಾಟದ ಪಟ್ಟಿಯಿಂದ ಅದು ಹೊರಗೆ. ಎಂಟು ಜನ ಪ್ಯಾನೆಲ್ ಬಿಚ್ಚೋಕೆ ಶುರು ಮಾಡಿದ್ವಿ. ರಾತ್ರಿ ಒಂದೂವರೆಗೆ ಸಿಕ್ತು, ಕಂಟ್ರೋಲ್ ರಾಡ್‌ನ ಲಿವರ್ ಹಿಂದೆ. ಪೈಲಟ್ ಸ್ಟಿಕ್ ಪೂರ್ತಿ ಎಳೆದ್ರೆ ಅದು ನಡುವೆ ಸಿಕ್ಕಿಬೀಳೋ ಜಾಗ.

ನನ್ನ ಕೈಕಾಲು ನಡುಗ್ತಿತ್ತು. ಸಾರ್ಜೆಂಟ್ ಚಹಾ ಕೈಗಿಟ್ಟು, "ತಮ್ಮಾ, ಕಳಕೊಂಡಿದ್ದಕ್ಕ ಬರೇ ಒಂದ್ ಎಂಟ್ರಿ. ನೀ ಮುಚ್ಚಿಟ್ಟಿದ್ರ ಒಂದ್ ಹೆಣ" ಅಂದ್ರು. ಪ್ಯಾನೆಲ್ ಎಲ್ಲ ಮುಚ್ಚಿ, ಮತ್ತೆ ಪರೀಕ್ಷೆ ಆಗೋವರೆಗೆ ನಾನಲ್ಲೇ ಇರಬೇಕಾಯ್ತು. ತಂಗಿ ನಿಶ್ಚಿತಾರ್ಥ ತಪ್ತು. ಅವಳು ಈಗಲೂ ಹಂಗಿಸ್ತಾಳೆ.

ಈಗ ಐರೋಲಿಗೆ ಬರೋಣ. ನಿವೃತ್ತಿಯಾಗಿ ಸಾಫ್ಟ್‌ವೇರ್‌ಗೆ ಬಂದು ಕೆಲವು ವರ್ಷ ಆಗಿತ್ತು. ಒಂದು ಶುಕ್ರವಾರ ಸಂಜೆ ರಿಲೀಸ್. ತಂಡದ ಒಬ್ಬ ಹುಡುಗಿ ಕೋಡ್ ರಿವ್ಯೂಗೆ ಕಳಿಸಿದ್ಲು, ನಲವತ್ತು ಫೈಲು. ನನಗೆ 7:12ರ ಗಾಡಿ ಹಿಡಿಯೋ ಅವಸರ. ಎರಡು ನಿಮಿಷದಲ್ಲಿ ಅಪ್ರೂವ್ ಒತ್ತಿ ಹೊರಟೆ. ರಾತ್ರಿ ಗ್ರಾಹಕರಿಗೆ ಎರಡೆರಡು ಸಲ ಬಿಲ್ ಹೋಯ್ತು.

ಸೋಮವಾರದ ಕಾಲ್‌ನಲ್ಲಿ "ಕೋಡ್ ಬರೆದವರು ಯಾರು?" ಅಂತ ಕೇಳಿದ್ರು. ಅವಳ ಹೆಸರು ಬಂತು. ಅವಳಿನ್ನೂ ಪ್ರೊಬೇಷನ್‌ನಲ್ಲಿದ್ಲು. ಎರಡನೇ ಸಹಿ ಯಾರದ್ದು ಅಂತ ಯಾರೂ ಕೇಳಲಿಲ್ಲ. ಸುಮ್ಮನಿದ್ದಿದ್ರೆ ನಡೆದುಹೋಗ್ತಿತ್ತು. ಆ ಬೋರ್ಡ್ ಮೇಲಿನ ಖಾಲಿ ಆಕಾರ ಕಣ್ಮುಂದೆ ಬಂತು. ಮೈಕ್ ಆನ್ ಮಾಡಿ ಹೇಳಿದೆ: "ರಿವ್ಯೂ ಮಾಡಿದ್ದು ನಾನು. ಓದದೇ ಅಪ್ರೂವ್ ಮಾಡಿದೆ."

ಆ ವರ್ಷ ನನ್ನ ರೇಟಿಂಗ್ ಇಳೀತು. ಮನೆಯಲ್ಲಿ "ನಿಮಗೆ ಬೇಕಿತ್ತಾ ಇದು?" ಅಂದ್ರು, ಹೋಮ್ ಲೋನ್ ಇದೆ ನೋಡಿ. ಆ ಹುಡುಗಿಯ ಕೆಲಸ ಉಳೀತು.

ಅವತ್ತಿಂದ ನಮ್ಮ ತಂಡದಲ್ಲಿ ಮೂರು ಪದ್ಧತಿ. ಓದೋಕೆ ಆಗದಷ್ಟು ದೊಡ್ಡ ಕೋಡ್ ಬಂದ್ರೆ ಚಿಕ್ಕದು ಮಾಡಿ ಅಂತ ವಾಪಸ್ ಕಳಿಸ್ತೀವಿ. ದುಡ್ಡಿನ ಲೆಕ್ಕಕ್ಕೆ ಸಂಬಂಧಿಸಿದ್ದನ್ನು, ಆ ಕೆಲಸದಲ್ಲಿ ಇಲ್ಲದ ಇನ್ನೊಬ್ಬರು ನೋಡಲೇಬೇಕು. ಮೂರನೇದು, ತಪ್ಪಾಯ್ತು ಅಂತ ತಾನಾಗಿ ಬಂದು ಹೇಳಿದವರ ಮೇಲೆ ಆ ದಿನ ಯಾರೂ ದನಿ ಎತ್ತೋ ಹಾಗಿಲ್ಲ. ಮೊದಲು ಪ್ಯಾನೆಲ್ ಬಿಚ್ಚೋಣ, ಆಮೇಲೆ ಮಾತು.

ಮೊನ್ನೆ ಅದೇ ಹುಡುಗಿ ನನ್ನ ಕೋಡ್ ನೋಡಿ ವಾಪಸ್ ಕಳಿಸಿದ್ಲು. "ಸರ್, ಇದು ನಂಗೆ ಅರ್ಥ ಆಗ್ಲಿಲ್ಲ, ಸಹಿ ಹಾಕಲ್ಲ" ಅಂತ. ನಾನು ಗಾಡಿ ಬಿಟ್ಟು ಕೂತು ಸರಿಮಾಡಿದೆ.

ಇಷ್ಟೇ ಹೇಳೋದಿತ್ತು. ಚಹಾ ರೆಡಿ ಇದೆಯಂತೆ, ಬನ್ನಿ.