ಸಹಿಗೊಬ್ಬ ಸಾಕ್ಷಿ



ನೋಟರಿ ಎಂದೊಡನೆ ನಮಗೆ ನೆನಪಾಗುವುದು ಕೋರ್ಟಿನ ಆವರಣ, ಛಾಪಾಕಾಗದ, ಅಫಿಡವಿಟ್ಟು. ಆದರೆ ಈ ಹುದ್ದೆಗೂ ಕಡಲ ವ್ಯಾಪಾರಕ್ಕೂ ಹಳೆಯ ನಂಟು. ಕೊಚ್ಚಿಯಂಥ ಬಂದರಿನಲ್ಲಿ ಅದು ಚೆನ್ನಾಗಿ ಅರ್ಥವಾಗುತ್ತದೆ. ಬಿರುಗಾಳಿಗೆ ಸಿಕ್ಕಿ ಸರಕು ಹಾಳಾಯಿತೆನ್ನಿ. ಹಡಗಿನ ಕಪ್ತಾನ ದಡ ಸೇರಿ ನೋಟರಿಯ ಮುಂದೆ ನಡೆದದ್ದನ್ನೆಲ್ಲ ಬರೆಸುತ್ತಾನೆ. ಅದೇ ‘ಪ್ರೊಟೆಸ್ಟ್’. ವಿನಿಮಯ ಬಿಲ್ಲು (ಬಿಲ್ ಆಫ್ ಎಕ್ಸ್‌ಚೇಂಜ್) ತಿರಸ್ಕೃತವಾದರೆ ಯಾವ ದಿನ, ಏನು ಕಾರಣ ಎಂಬುದನ್ನು ಗುರುತು ಹಾಕುವವರೂ ನೋಟರಿಯೇ.

1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ಈ ಬಿಲ್ಲಿನ ಕೆಲಸಕ್ಕೆ ನೋಟರಿಗಳನ್ನು ನೇಮಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಉಳಿದ ಕೆಲಸಗಳಿಗೆ ನೇಮಕ ಮಾಡುತ್ತಿದ್ದುದು ಇಂಗ್ಲೆಂಡಿನ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ಅಧೀನದ ಒಂದು ನ್ಯಾಯಪೀಠ! ಸ್ವತಂತ್ರ ದೇಶಕ್ಕೆ ಇದು ಸಲ್ಲದ ಮಾತು. 1952ರ ನೋಟರಿ ಕಾಯಿದೆ ಆ ಅಧಿಕಾರವನ್ನು ನಮ್ಮ ಸರ್ಕಾರಗಳ ಕೈಗೆ ತಂದಿತು.

ಈ ಕಾಯಿದೆಯಡಿಯ 1956ರ ನಿಯಮಗಳ ಪ್ರಕಾರ ನೋಟರಿಯ ಮುದ್ರೆ ದುಂಡಗಿರಬೇಕು, ವ್ಯಾಸ 5 ಸೆಂಟಿಮೀಟರ್. ಅದರಲ್ಲಿ ನೋಟರಿಯ ಹೆಸರು, ವ್ಯಾಪ್ತಿ, ನೇಮಿಸಿದ ಸರ್ಕಾರದ ಹೆಸರು ಇರಬೇಕು. ಮುದ್ರೆಗಿಂತ ಮುಖ್ಯವಾದದ್ದು ನೋಟರಿಯ ರಿಜಿಸ್ಟರು ಎಂದು ನಾನು ನಂಬುತ್ತೇನೆ. ನಾಳೆ ತಕರಾರು ಬಂದರೆ ನೆರವಿಗೆ ಬರುವುದು ಅಲ್ಲಿನ ದಾಖಲೆ. ಒಂದು ಮಾತು ದಯವಿಟ್ಟು ನೆನಪಿಡಿ: ನೋಟರಿ ದೃಢೀಕರಿಸುವುದು ಸಹಿಯನ್ನು, ಒಳಗಿನ ಒಕ್ಕಣೆಯ ಸತ್ಯವನ್ನಲ್ಲ. ಜಮೀನಿನ ಕ್ರಯಪತ್ರಕ್ಕೆ ನೋಟರಿ ಮುದ್ರೆ ಸಾಲದು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಇದು ತಿಳಿಯದೆ ಎಷ್ಟೋ ಮನೆಗಳವರು ಕಷ್ಟಪಟ್ಟು ಕೂಡಿಟ್ಟ ಹಣ ಕಳೆದುಕೊಂಡಿದ್ದಾರೆ.

ಗಲ್ಫಿಗೆ ಜನ ಹೊರಟ ಮೇಲೆ ಕೇರಳದಲ್ಲಿ ಕಾಗದಗಳೂ ಕಡಲು ದಾಟತೊಡಗಿದವು. ಒಂದೇ ಪ್ರಮಾಣಪತ್ರದಿಂದ ಕಾಗದಕ್ಕೆ ಹೊರದೇಶದಲ್ಲಿ ಮಾನ್ಯತೆ ಕೊಡುವ, 1961ರ ಹೇಗ್ ಒಪ್ಪಂದದ ‘ಅಪೊಸ್ಟಿಲ್’ ಪದ್ಧತಿ ಭಾರತದಲ್ಲಿ 2005ರ ಜುಲೈ 14ರಂದು ಜಾರಿಗೆ ಬಂತು. ಸೌದಿ ಅರೇಬಿಯಾ ಅದನ್ನು ಒಪ್ಪಿದ್ದು 2022ರಲ್ಲಿ. ಒಪ್ಪಂದಕ್ಕೆ ಸೇರದ ದೇಶಗಳಿಗೆ ಹೋಗುವ ಕಾಗದಕ್ಕೆ ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಓದಿನ ಸರ್ಟಿಫಿಕೇಟುಗಳ ದೃಢೀಕರಣಕ್ಕೆ ತಿರುವನಂತಪುರ, ಎರ್ನಾಕುಳಂ, ಕೋಯಿಕ್ಕೋಡಿನಲ್ಲಿ ಅನಿವಾಸಿ ಕೇರಳೀಯರಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್‌ನ ಕೇಂದ್ರಗಳಿವೆ.

ಈಗ ಕೇರಳದಲ್ಲಿರುವ ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಲ್ಲಿಯ ಮನೆಗಳಲ್ಲಿ ಕನ್ನಡದ ಹಳೆಯ ದಸ್ತಾವೇಜುಗಳು ಈಗಲೂ ಇವೆ. ಇಂಥವು ಕಡಲು ದಾಟಬೇಕಾದರೆ ಅನುವಾದ ಬೇಕು. ಅನುವಾದ ಮಾಡಿ ದೃಢೀಕರಿಸುವ ಅಧಿಕಾರವನ್ನೂ 1952ರ ಕಾಯಿದೆ ನೋಟರಿಗೆ ಕೊಟ್ಟಿದೆ. ಅನುವಾದ ಮಾಡಿಸುವಾಗ ಹೆಸರು, ಮನೆತನ, ಊರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇವೆಯೇ ಎಂದು ನೀವೇ ಕೂತು ಓದಿ, ಆಮೇಲೆ ಸಹಿ ಹಾಕಿ.