ಅಳತೆ ಕೊಟ್ಟು ಹೊಲಿಸಿದ ಯಂತ್ರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಮಾಡಿದವರ ಕಾಲದಲ್ಲಿ ಗಣಕಯಂತ್ರವಿರಲಿಲ್ಲ. ಇದ್ದಿದ್ದರೆ ಆ ಗಾದೆಗೆ ಮೂರನೆಯ ಪಾದವೊಂದು ಸೇರುತ್ತಿತ್ತೆಂದು ನನಗೆ ತೋರುತ್ತದೆ. ಮನೆಯಾದರೆ ಒಮ್ಮೆ ಕಟ್ಟಿ ಮುಗಿಯುತ್ತದೆ, ಮದುವೆಯೂ ಅಷ್ಟೆ. ಬಿಡಿಭಾಗಗಳನ್ನು ಆರಿಸಿ ತಂದು ಜೋಡಿಸಿಕೊಂಡ ಯಂತ್ರ ಮಾತ್ರ ಎಂದಿಗೂ ಮುಗಿಯುವುದಿಲ್ಲ.

ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ನಿವೃತ್ತಿಯ ಮೇಲೆ ನಮ್ಮ ತುಮಕೂರಿನ ಸುತ್ತಲ ಹಳ್ಳಿಗಳ ಹೆಂಗಸರು ಹಾಡುವ ಬೀಸುವ ಪದ, ಸೋಬಾನೆ ಪದಗಳನ್ನು ಧ್ವನಿಮುದ್ರಿಸಿಕೊಳ್ಳುವ ಹವ್ಯಾಸ ಹತ್ತಿತು. ಅವುಗಳಿಗಾಗಿ 2017ರಲ್ಲಿ ಒಂದು ಗಣಕಯಂತ್ರ ಬೇಕಾಯಿತು. ಅದೇ ಕಸುಬಿನಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಸಿದ್ಧ ಉಡುಪು ಯಾಕೆ ಮೇಷ್ಟ್ರೇ? ಅಳತೆ ಕೊಟ್ಟು ಹೊಲಿಸೋಣ ಬನ್ನಿ" ಎಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಕರೆದುಕೊಂಡು ಹೋದ.

ಆ ರಸ್ತೆಯಲ್ಲಿ ನನಗೆ ಮೊದಲು ಬೆರಗಾದದ್ದು ಒಬ್ಬರು ಮಾಡಿದ ಪೆಟ್ಟಿಗೆಗೆ ಇನ್ನೊಬ್ಬರು ಮಾಡಿದ ಹಲಗೆ ಕೂಡಿಬರುವ ಬಗೆ. ಇಂಟೆಲ್ ಸಂಸ್ಥೆ 1995ರಲ್ಲಿ ಎ.ಟಿ.ಎಕ್ಸ್. ಎಂಬ ಅಳತೆಯನ್ನು ಗೊತ್ತುಮಾಡಿತು. ಮದರ್‌ಬೋರ್ಡಿನ ತಿರುಪಿನ ತೂತುಗಳು ಎಲ್ಲೆಲ್ಲಿರಬೇಕು, ವಿದ್ಯುತ್ತಿನ ತಂತಿ ಎಲ್ಲಿ ಸೇರಬೇಕು ಎಂಬುದನ್ನೆಲ್ಲ ಆ ಅಳತೆ ಹೇಳುತ್ತದೆ. ಪರಸ್ಪರ ಪೈಪೋಟಿ ನಡೆಸುವ ಕಂಪನಿಗಳೂ ಇಷ್ಟು ವರ್ಷ ಅದನ್ನು ಪಾಲಿಸಿಕೊಂಡು ಬಂದಿವೆ. ಛಂದಸ್ಸು ಒಂದೇ, ಕವಿಗಳು ಹಲವರು ಎನ್ನುವ ಹಾಗೆ.

ಆದರೆ ಎಲ್ಲದರಲ್ಲೂ ಈ ಔದಾರ್ಯವಿಲ್ಲ. ಸಂಸ್ಕಾರಕ, ಎಂದರೆ ಪ್ರೊಸೆಸರ್, ಕೂರುವ ಪೀಠವನ್ನು ಸಾಕೆಟ್ ಎನ್ನುತ್ತಾರೆ. ಇಂಟೆಲ್‌ನವರದು ಅದೇ 2017ರಲ್ಲಿ ಹೊಸ ಸಂಸ್ಕಾರಕಗಳನ್ನು ತಂದಾಗ ಪೀಠದ ಸಂಪರ್ಕಗಳ ಸಂಖ್ಯೆ ಹಿಂದಿನಂತೆಯೇ 1151 ಇದ್ದರೂ ಹಳೆಯ ಹಲಗೆಗಳಲ್ಲಿ ಅವು ಕೆಲಸ ಮಾಡಲಿಲ್ಲ. ಎ.ಎಂ.ಡಿ. ಸಂಸ್ಥೆಯ ಎ.ಎಂ.4 ಎಂಬ ಪೀಠ 2016ರಲ್ಲಿ ಬಂದದ್ದು. ಅದನ್ನು ಕೆಲವು ವರ್ಷ ಬದಲಿಸುವುದಿಲ್ಲವೆಂದು ಅವರು ಮಾತು ಕೊಟ್ಟಿದ್ದರು. "ನಾಳೆ ಸಂಸ್ಕಾರಕ ಬದಲಿಸಬೇಕಾದರೆ ಹಲಗೆಯನ್ನು ಎಸೆಯಬೇಕಾಗಿಲ್ಲ" ಎಂದು ಶಿಷ್ಯ ಅದನ್ನೇ ಆರಿಸಿದ. ಎಸ್.ಎಂ.ಪಿ.ಎಸ್. ಎಂಬ ವಿದ್ಯುತ್ ಪೆಟ್ಟಿಗೆಯ ವಿಷಯದಲ್ಲಂತೂ ಅವನು ಚೌಕಾಸಿಗೇ ಬಿಡಲಿಲ್ಲ. ಬೇರೆ ಭಾಗ ಕೆಟ್ಟರೆ ತಾನೊಂದೇ ಕೆಡುತ್ತದೆ, ಇದು ಕೆಟ್ಟರೆ ಜೊತೆಯವರನ್ನೂ ಕರೆದುಕೊಂಡು ಹೋಗಬಹುದು ಎಂಬುದು ಅವನ ವಾದ. ಚಿತ್ರ ತೋರಿಸುವ ಕಾರ್ಡು ಮಾತ್ರ ಅತ್ಯಂತ ಚಿಕ್ಕದು ಸಾಕೆಂದ. ಪದ ಕೇಳುವವನಿಗೆ ಯುದ್ಧದ ಆಟವಾಡುವ ಹುಡುಗರ ಕಾರ್ಡು ಏಕೆ?

ಹೀಗೆ ಎಲ್ಲವನ್ನೂ ಕೊಳ್ಳುವ ಹೊತ್ತಿಗೆ ನನ್ನ ಜೇಬು ಹಗುರಾಗಿತ್ತು. ಉಳಿದದ್ದು ಹಾರ್ಡ್‌ಡಿಸ್ಕ್. "ಹೊಸದೊಂದು ಹಾಕಿಬಿಡೋಣ ಮೇಷ್ಟ್ರೇ" ಎಂದು ಅವನು ಎರಡು ಸಲ ಹೇಳಿದ. ಮನೆಯಲ್ಲಿದ್ದ ಹಳೆಯ ಯಂತ್ರದ ಡಿಸ್ಕ್ ಇನ್ನೂ ತಿರುಗುತ್ತಿತ್ತು. ಅದು 2011ರದು. "ಅದೇ ಇರಲಪ್ಪಾ, ನೋಡೋಣ" ಎಂದೆ. ಆ ದಿನದ ಖರ್ಚಿನಲ್ಲಿ ನಾನು ಉಳಿಸಿದ್ದು ಅದೊಂದನ್ನೇ.

ನನ್ನ ಅಕ್ಕನಿಗೆ ಆಗ ಎಪ್ಪತ್ತು ದಾಟಿತ್ತು. ನಮ್ಮ ತಾಯಿಯಿಂದ ಕಲಿತ ಪದಗಳನ್ನು ಅವಳಷ್ಟು ಬಲ್ಲವರು ನಮ್ಮ ಕಡೆ ಬೇರೆ ಯಾರೂ ಉಳಿದಿರಲಿಲ್ಲ. ಎರಡು ಬೇಸಗೆ ಅವಳನ್ನು ಕೂರಿಸಿಕೊಂಡು ಹಾಡಿಸಿ ಯಂತ್ರದೊಳಗೆ ತುಂಬಿಕೊಂಡೆ. ಒಂದು ದಿನ ಅವಳು ಆ ಕಪ್ಪು ಪೆಟ್ಟಿಗೆಯನ್ನು ನೋಡಿ, "ಇದರೊಳಗೆ ನನ್ನ ಪದ ಭದ್ರವಾಗಿರ್ತಾವೇನೋ?" ಎಂದು ಕೇಳಿದಳು. "ನಾವಿಲ್ಲದಿದ್ದರೂ ಅವು ಇರುತ್ತವೆ ಅಕ್ಕ" ಎಂದೆ. ಪೆಟ್ಟಿಗೆಯ ಒಂದೊಂದು ಭಾಗದ ಹೆಸರೂ ನನಗೆ ಆಗ ಬಾಯಿಪಾಠವಾಗಿತ್ತು. ಆ ಧೈರ್ಯದ ಮೇಲೆ ಆಡಿದ ಮಾತು ಅದು.

ಕೆಲವು ಕಾಲದ ಮೇಲೆ ಯಂತ್ರ ನಿಧಾನವಾಯಿತು. ಒಂದು ಪದವನ್ನು ತೆರೆಯುವಷ್ಟರಲ್ಲಿ ಕಾಫಿ ಕಾಯಿಸಿಕೊಂಡು ಬರಬಹುದಾಗಿತ್ತು. 2019ರಲ್ಲಿ ನೆನಪಿನ ಪಟ್ಟಿಗಳನ್ನು, ಎಂದರೆ ರ‍್ಯಾಮನ್ನು, ಎಂಟು ಗಿಗಾಬೈಟಿನಿಂದ ಹದಿನಾರಕ್ಕೆ ಏರಿಸಿದೆ. ನಿಧಾನ ಹೋಗಲಿಲ್ಲ. 2021ರಲ್ಲಿ ಬಂದ ವಿಂಡೋಸ್ 11 ನನ್ನ ಸಂಸ್ಕಾರಕವನ್ನು ತನ್ನ ಪಟ್ಟಿಯಲ್ಲಿ ಸೇರಿಸಿರಲಿಲ್ಲ. ಇದೇ ನೆಪವಾಗಿ ಮರುವರ್ಷ ಸಂಸ್ಕಾರಕವನ್ನೂ ಬದಲಿಸಿದೆ. ಹಲಗೆಯ ಬಯಾಸ್ ಎಂಬ ಮೂಲತಂತ್ರಾಂಶವನ್ನು ಮೊದಲು ಹೊಸದು ಮಾಡಿ, ಆಮೇಲೆ ಹೊಸ ಸಂಸ್ಕಾರಕವನ್ನು ಕೂರಿಸಿದರೆ, ಐದು ವರ್ಷದ ಹಳೆಯ ಪೀಠ ಅದನ್ನು ಗುರುತು ಹಿಡಿಯಿತು. ಶಿಷ್ಯನ ಮಾತು ನಿಜವಾಯಿತು. ಯಂತ್ರ ಮಾತ್ರ ಎಂದಿನಂತೆಯೇ ತೆವಳಿತು.

ಇದಕ್ಕೆ ಕಾರಣವನ್ನು ಜೀನ್ ಆಮ್ಡಾಲ್ ಎಂಬ ಇಂಜಿನಿಯರ್ 1967ರಷ್ಟು ಹಿಂದೆಯೇ ಹೇಳಿದ್ದರು. ಅವರು ಹೇಳಿದ್ದು ಹಲವು ಸಂಸ್ಕಾರಕಗಳು ಒಟ್ಟಿಗೆ ದುಡಿಯುವ ದೊಡ್ಡ ಯಂತ್ರಗಳನ್ನು ಕುರಿತು. ಆದರೂ ತತ್ತ್ವ ಎಲ್ಲಕ್ಕೂ ಸಲ್ಲುತ್ತದೆ. ಹತ್ತು ನಿಮಿಷದ ಕೆಲಸದಲ್ಲಿ ಒಂಬತ್ತು ನಿಮಿಷ ಡಿಸ್ಕಿನದು, ಒಂದು ನಿಮಿಷ ಸಂಸ್ಕಾರಕದ್ದು ಎನ್ನೋಣ. ಸಂಸ್ಕಾರಕದ ವೇಗವನ್ನು ಎರಡರಷ್ಟು ಮಾಡಿದರೆ ಉಳಿಯುವುದು ಅರ್ಧ ನಿಮಿಷ. ವೇಗವನ್ನು ಅನಂತ ಮಾಡಿದರೂ ಉಳಿಯುವುದು ಒಂದೇ ನಿಮಿಷ. ನನ್ನ ಡಿಸ್ಕ್ ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುವಂಥದು. ಬೇಕಾದ ಅಕ್ಷರ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಆ ನಾಲ್ಕು ಮಿಲಿಸೆಕೆಂಡಿನಲ್ಲಿ ಮೂರು ಗಿಗಾಹರ್ಟ್ಸಿನ ಸಂಸ್ಕಾರಕದ ನಾಡಿ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಸಲ ಬಡಿಯುತ್ತದೆ. ಕಾಯುವವನನ್ನು ಎಷ್ಟು ಚುರುಕು ಮಾಡಿದರೇನು? ಬರಬೇಕಾದವನು ಬರಬೇಕಲ್ಲ!

ನನ್ನ ಡಿಸ್ಕ್ ನಿಧಾನವಷ್ಟೇ ಆಗಿರಲಿಲ್ಲ, ಕಾಯಿಲೆ ಬಿದ್ದಿತ್ತು. ಓದಲಾಗದ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿತ್ತು. ಡಿಸ್ಕುಗಳು ತಮ್ಮ ದೋಷಗಳ ಲೆಕ್ಕವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಸ್ಮಾರ್ಟ್ ಎಂಬ ಆ ದಾಖಲೆಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ನಾನು ನೋಡಲಿಲ್ಲ. ಹೊಸ ಸಂಸ್ಕಾರಕ ಬಂದ ನಾಲ್ಕನೆಯ ತಿಂಗಳು ಒಂದು ಸಂಜೆ ಪೆಟ್ಟಿಗೆಯೊಳಗಿಂದ ಟಕ್ ಟಕ್ ಎಂಬ ಸದ್ದು ಬಂತು. ಆಮೇಲೆ ಅದೂ ನಿಂತಿತು. ಓದುವ ಸೂಜಿ ತಟ್ಟೆಯ ಮೇಲೆ ತೇಲುವ ಎತ್ತರ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗೂ ಕಡಿಮೆ. ಅದು ತಟ್ಟೆಗೆ ತಗುಲಿ ಮೇಲ್ಮೈ ಉಜ್ಜಿಹೋಗಿದೆ, ತೆಗೆಯಲು ಏನೂ ಉಳಿದಿಲ್ಲ ಎಂದು ಬಲ್ಲವರು ಹೇಳಿದರು. ಅಕ್ಕ ತೀರಿಕೊಂಡು ಆಗ ಒಂದು ವರ್ಷವಾಗಿತ್ತು.

ಮಿಳಿಂದ ರಾಜನಿಗೆ ನಾಗಸೇನ ಭಿಕ್ಷು ರಥದ ದೃಷ್ಟಾಂತ ಹೇಳಿದ್ದನ್ನು ನೀವು ಓದಿರಬಹುದು. ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ ಎಂಬ ಪ್ರಶ್ನೆಗಳವು. ಹಿಂದೆ ತರಗತಿಯಲ್ಲಿ ಇದನ್ನು ಸೊಗಸಾಗಿ ವಿವರಿಸುತ್ತಿದ್ದೆ. ನನ್ನ ಯಂತ್ರದಲ್ಲೂ ಭಾಗಗಳು ಬದಲಾಗುತ್ತಲೇ ಇದ್ದವು. ಅದೇ ಯಂತ್ರ ಎನ್ನುವುದಕ್ಕೆ ಅಡ್ಡಿಯಿರಲಿಲ್ಲ. ಆದರೆ ಗಾಲಿಗೆ ಬದಲು ಗಾಲಿ ಸಿಕ್ಕುತ್ತದೆ; ರಥದಲ್ಲಿ ಕುಳಿತವರಿಗೆ ಬದಲಿಲ್ಲ. ಬದಲಿಸಬಹುದಾದ ಭಾಗಗಳನ್ನೆಲ್ಲ ನಾನು ಅಕ್ಕರೆಯಿಂದ ಬದಲಿಸಿದ್ದೆ. ಬದಲಿಸಲಾಗದ್ದನ್ನು ಎಲ್ಲಕ್ಕಿಂತ ಹಳೆಯ ಗಾಲಿಯ ಮೇಲೆ ಕೂರಿಸಿದ್ದೆ.

ಈಗ ನನ್ನ ಯಂತ್ರದಲ್ಲಿ ತಿರುಗುವ ತಟ್ಟೆಯಿಲ್ಲದ ಎಸ್.ಎಸ್.ಡಿ. ಇದೆ. ಗುಂಡಿ ಒತ್ತಿ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಯಂತ್ರ ಸಿದ್ಧವಾಗಿರುತ್ತದೆ. ಮುದ್ರಿಸಿದ್ದೆಲ್ಲದರ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಇನ್ನೊಂದು ಪ್ರತಿ ಬೇರೆ ಊರಿನ ತಮ್ಮನ ಮನೆಯಲ್ಲಿದೆ. ಯಂತ್ರ ಜೋಡಿಸಿಕೊಳ್ಳಬೇಕೆಂದು ಸಲಹೆ ಕೇಳುವ ಎಳೆಯರಿಗೆ, ಯಾವ ಸಂಸ್ಕಾರಕ ಎಂದು ಆಮೇಲೆ ಯೋಚಿಸೋಣ, ನಿನ್ನಲ್ಲಿ ಕಳೆದುಹೋಗಬಾರದ್ದು ಏನಿದೆ ಹೇಳು ಎಂದು ಕೇಳುತ್ತೇನೆ. ಹೆಚ್ಚಿನವರು ನಕ್ಕುಬಿಡುತ್ತಾರೆ.

ಕಳೆದ ದಸರಾದಲ್ಲಿ ಅಕ್ಕನ ಮಗಳು ಬಂದಿದ್ದಳು. ಹಿಂದೊಮ್ಮೆ ಅವಳು ಒಂದು ಹಳೆಯ ಪೆನ್‌ಡ್ರೈವ್ ತಂದು, "ಮಾವ, ಅಮ್ಮನ ಪದ ಇದಕ್ಕೆ ಹಾಕಿಕೊಡಿ" ಎಂದಿದ್ದಳು. ಅದರಲ್ಲಿ ಜಾಗ ಕಡಿಮೆಯಿತ್ತು. ಉಳಿದದ್ದನ್ನು ಆಮೇಲೆ ಕೊಡುತ್ತೇನೆಂದು ನಾಲ್ಕು ಪದಗಳನ್ನಷ್ಟೇ ಹಾಕಿದ್ದೆ. ಅದನ್ನೇ ಅವಳು ಮತ್ತೆ ತಂದಿದ್ದಳು. ಇಬ್ಬರೂ ಕುಳಿತು ಕೇಳಿದೆವು. ನಾಲ್ಕನೆಯ ಪದದ ಕೊನೆಯಲ್ಲಿ ಅಕ್ಕ ಹಾಡು ನಿಲ್ಲಿಸಿ, "ಸಾಕೇನೋ, ಇನ್ನೂ ಬೇಕೇನೋ?" ಎಂದು ಕೇಳುವುದೂ ಮುದ್ರಣವಾಗಿದೆ.